ಆಟಿಸಂ: ಬಸುರಿಯ ಮೇಲಿನ ಆರೋಪದಲ್ಲಿ ನಿಜವೆಷ್ಟು?

ಮಗುವಿಗೆ ಆಟಿಸಂ ಇದೆಯೆಂದು ವೈದ್ಯರು ಹೇಳಿದ ದಿನವೇ ಅನೇಕ ಮನೆಗಳಲ್ಲಿ ವಿಚಾರಣೆ ಆರಂಭವಾಗುತ್ತದೆ. ಆರೋಪಿಯ ಸ್ಥಾನದಲ್ಲಿ ನಿಲ್ಲುವವಳು ತಾಯಿ. ಗ್ರಹಣದ ದಿನ ಹೊರಗೆ ಬಂದಿದ್ದೆಯಾ? ಜ್ವರದ ಮಾತ್ರೆ ನುಂಗಿದ್ದೆಯಾ? ಸಿಸೇರಿಯನ್‌ಗೆ ಏಕೆ ಒಪ್ಪಿಕೊಂಡೆ? ಕನಕಪುರ ರಸ್ತೆಯ ಜರಗನಹಳ್ಳಿಯಿಂದ ನಿಮ್ಹಾನ್ಸ್ ಆಸ್ಪತ್ರೆಗೆ ಕೆಲವೇ ಕಿಲೋಮೀಟರು. ಆದರೂ ಇಂಥ ಪ್ರಶ್ನೆಗಳಿಗೆ ಅಂಜಿ ಮಗುವಿನ ತಪಾಸಣೆಯನ್ನೇ ಮುಂದೂಡುವವರು ಇದ್ದಾರೆ.

ಗ್ರಹಣದ ಮಾತನ್ನು ಬದಿಗಿಡೋಣ. ಆಟಿಸಂನಲ್ಲಿ ಅತಿ ದೊಡ್ಡ ಪಾತ್ರ ಅನುವಂಶೀಯತೆಯದು. ಐದು ದೇಶಗಳ 20 ಲಕ್ಷ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ 2019ರ ಅಧ್ಯಯನವು ಅದನ್ನು ಸುಮಾರು ಶೇ 80 ಎಂದು ಅಂದಾಜಿಸಿತು. ಗರ್ಭ ಹಾಗೂ ಹೆರಿಗೆಯ ಅಂಶಗಳು ಬರುವುದು ಆನಂತರ.

ಇವುಗಳ ಪೈಕಿ ಅವಧಿಪೂರ್ವ ಜನನ ಮುಖ್ಯವಾದುದು. ಸ್ವೀಡನ್‌ನ 40 ಲಕ್ಷ ಜನನಗಳ ಅಧ್ಯಯನದ ಪ್ರಕಾರ, ತುಂಬು ತಿಂಗಳಿಗೆ ಹುಟ್ಟಿದವರಲ್ಲಿ ಶೇ 1.4ರಷ್ಟು ಮಂದಿಗೆ ಆಟಿಸಂ ಕಂಡುಬಂದರೆ, 28 ವಾರಕ್ಕೂ ಮುನ್ನ ಹುಟ್ಟಿದವರಲ್ಲಿ ಆ ಪ್ರಮಾಣ ಶೇ 6.1. ಹೆಚ್ಚಳ ನಿಜ, ಆದರೆ ಅಷ್ಟು ಬೇಗ ಹುಟ್ಟಿದವರಲ್ಲೂ ನೂರಕ್ಕೆ 94 ಮಂದಿಗೆ ಆಟಿಸಂ ಇರಲಿಲ್ಲ. ಇಂಥ ಶಿಶುಗಳು ಹೆಸರು ಕರೆದಾಗ ತಿರುಗಿ ನೋಡುತ್ತಿವೆಯೇ, ಬೇಕಾದುದನ್ನು ಬೆರಳಿನಿಂದ ತೋರಿಸುತ್ತಿವೆಯೇ ಎಂದು ಗಮನಿಸುವುದಕ್ಕೆ ಈ ಅಂಕಿ ಉಪಯುಕ್ತವೇ ಹೊರತು ದೂಷಣೆಗಲ್ಲ.

ಸಿಸೇರಿಯನ್ ಕಥೆ ಬೇರೆ. ಹೊರನೋಟಕ್ಕೆ ಅದಕ್ಕೂ ಆಟಿಸಂಗೂ ನಂಟು ಕಾಣುತ್ತದೆ. ಆದರೆ 2015ರ ಸ್ವೀಡನ್ ಅಧ್ಯಯನದಲ್ಲಿ ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿದಾಗ ಆ ನಂಟು ಮಾಯವಾಯಿತು. ಅಂದರೆ ಶಸ್ತ್ರಚಿಕಿತ್ಸೆಯಲ್ಲ, ಕುಟುಂಬದ ಹಿನ್ನೆಲೆಯೇ ಅಲ್ಲಿ ಕೆಲಸ ಮಾಡಿತ್ತು. ಪ್ಯಾರಾಸಿಟಮಾಲ್ ವಿಷಯದಲ್ಲೂ ಹೀಗೆಯೇ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಅದನ್ನು ದೂಷಿಸಿದಾಗ ಗರ್ಭಿಣಿಯರು ಗಾಬರಿಗೊಂಡರು. ಆದರೆ ಸುಮಾರು 25 ಲಕ್ಷ ಮಕ್ಕಳನ್ನು ಒಳಗೊಂಡ 2024ರ ಅಧ್ಯಯನದಲ್ಲಿ ಒಡಹುಟ್ಟಿದವರ ಹೋಲಿಕೆ ಯಾವ ಅಪಾಯವನ್ನೂ ತೋರಿಸಿರಲಿಲ್ಲ.

ಹಾಗಿದ್ದರೆ ತಡೆಯಬಹುದಾದುದು ಏನೂ ಇಲ್ಲವೇ? ಇದೆ. ಮೊದಲನೆಯದು ರುಬೆಲ್ಲಾ. 1964ರ ಅಮೆರಿಕದ ಸಾಂಕ್ರಾಮಿಕದ ವೇಳೆ ಗರ್ಭದಲ್ಲೇ ಸೋಂಕಿಗೊಳಗಾದ 243 ಮಕ್ಕಳನ್ನು ಪರೀಕ್ಷಿಸಿದ ಮನೋವೈದ್ಯೆ ಸ್ಟೆಲ್ಲಾ ಚೆಸ್, 10 ಮಕ್ಕಳಲ್ಲಿ ಆಟಿಸಂ, ಇನ್ನೂ 8 ಮಕ್ಕಳಲ್ಲಿ ಅದರ ಭಾಗಶಃ ಲಕ್ಷಣ ಕಂಡರು. ಈ ಸೋಂಕಿಗೆ ಲಸಿಕೆಯಿದೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನದ ಮೊದಲ ಹಂತದಲ್ಲೇ ಕರ್ನಾಟಕವೂ ಇತ್ತು. 9 ತಿಂಗಳಿಂದ 15 ವರ್ಷದೊಳಗಿನವರಿಗೆ ಲಸಿಕೆ ಹಾಕಲಾಯಿತು. ವಿಪರ್ಯಾಸವೆಂದರೆ, ಲಸಿಕೆಯಿಂದಲೇ ಆಟಿಸಂ ಬರುತ್ತದೆಂಬ ವದಂತಿ ಇಂದಿಗೂ ಸತ್ತಿಲ್ಲ. ಅದಕ್ಕೆ ಮೂಲವಾದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲೇ ಹಿಂತೆಗೆದುಕೊಂಡಿದೆ. ಈ ಲಸಿಕೆಯನ್ನು ಬಸುರಿಗೆ ಮುನ್ನವೇ ಪಡೆಯಬೇಕು, ಗರ್ಭಿಣಿಯರಿಗೆ ಕೊಡುವುದಿಲ್ಲ.

ಎರಡನೆಯದು ಅಪಸ್ಮಾರಕ್ಕೆ ನೀಡುವ ವಾಲ್‌ಪ್ರೊಯೇಟ್ ಔಷಧ. ಡೆನ್ಮಾರ್ಕ್‌ನ 2013ರ ವರದಿಯಂತೆ ಗರ್ಭದಲ್ಲಿ ಇದಕ್ಕೆ ಒಡ್ಡಿಕೊಂಡ ಮಕ್ಕಳಲ್ಲಿ ಆಟಿಸಂ ಸಾಧ್ಯತೆ ಶೇ 4.4, ಒಟ್ಟು ಮಕ್ಕಳಲ್ಲಿ ಶೇ 1.5. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಿ ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ. ಮದುವೆ ನಿಶ್ಚಯವಾದಾಗಲೇ, ಬಸುರಿಗೆ ಮುನ್ನ, ನರರೋಗ ತಜ್ಞರನ್ನು ಕಂಡು ಬದಲಿ ಔಷಧದ ಬಗ್ಗೆ ಕೇಳಬೇಕು. ರೋಗವನ್ನು ಅತ್ತೆಮನೆಯಿಂದ ಮುಚ್ಚಿಟ್ಟ ಹೆಣ್ಣುಮಗಳಿಗೆ ಈ ಭೇಟಿಯೇ ಕಷ್ಟ.