ಪ್ರಶ್ನೆ ಬರೆಯುವಾಗಲೇ ನಮ್ಮ ಹುಡುಗರು ಜೊತೆಗಿರಲಿ: ಮಾನಸಿಕ ಆರೋಗ್ಯ ಸಂಶೋಧನೆಯಲ್ಲಿ ಯುವಜನರ ಪಾಲು

ಟ್ಯಾಬ್ ಹಿಡಿದ ಸಮೀಕ್ಷಕರೊಬ್ಬರು ರಾಯಚೂರು ಜಿಲ್ಲೆಯ ಮಾನ್ವಿಯ ಹಾಸ್ಟೆಲಿಗೋ ದೇವದುರ್ಗದ ಹಳ್ಳಿಗೋ ಬಂದರು ಅಂತಿಟ್ಟುಕೊಳ್ಳಿ. ಕಳೆದ ಎರಡು ವಾರ ನಿದ್ದೆ ಹೇಗಿತ್ತು, ಯಾವುದರಲ್ಲೂ ಆಸಕ್ತಿ ಇಲ್ಲ ಅಂತ ಎಷ್ಟು ದಿನ ಅನಿಸಿತು ಎಂದು ಕೇಳುತ್ತಾರೆ. ಹಲವು ದೇಶಗಳಲ್ಲಿ ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ ಇಂಥ 9 ಪ್ರಶ್ನೆಗಳಿವೆ. ಉತ್ತರ ಹೇಳುವ ಹುಡುಗ, ಹುಡುಗಿಯರನ್ನು ಪಾರ್ಟಿಸಿಪೆಂಟ್, ಅಂದರೆ ಭಾಗಿ ಎನ್ನುತ್ತಾರೆ. ಉತ್ತರ ಹೇಳಿದರೆ ಅವರ ಕೆಲಸ ಮುಗಿಯಿತು.

ಪಾರ್ಟ್ನರ್, ಅಂದರೆ ಪಾಲುದಾರ ಆಗುವುದು ಬೇರೆ. ಯಾವ ವಿಷಯ ಮೊದಲು ಹಿಡಿಯಬೇಕು, ಏನು ಕೇಳಬೇಕು, ಎಲ್ಲಿ ಕೂತು ಕೇಳಬೇಕು, ಬಂದ ಉತ್ತರಕ್ಕೆ ಏನರ್ಥ, ಇದನ್ನೆಲ್ಲ ಸಂಶೋಧಕರ ಜೊತೆ ಕೂತು ತೀರ್ಮಾನಿಸುವವರು ಪಾಲುದಾರರು. ಸಾಮಾನ್ಯವಾಗಿ ಎಂಟು ಹತ್ತು ಮಂದಿಯ ಒಂದು ಗುಂಪು ಮಾಡುತ್ತಾರೆ. ಅದಕ್ಕೆ ಯೂತ್ ಅಡ್ವೈಸರಿ ಗ್ರೂಪ್, ಯುವ ಸಲಹಾ ಗುಂಪು ಎಂದು ಹೆಸರು.

ನಮಗೆ ಇದು ಯಾಕೆ ಬೇಕು? 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಎಂದು ಅದು ಹೇಳಿತು. ಆದರೆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಕೋಲಾರದಲ್ಲಿ ಪೂರ್ವಪರೀಕ್ಷೆ ಮಾಡಿದ್ದರು, ಅಷ್ಟೆ. ಅಂದರೆ ಆ ಶೇ. 7.3ರ ಲೆಕ್ಕದೊಳಗೆ ರಾಯಚೂರಿನ ಮಕ್ಕಳು ಇಲ್ಲ.

ಲೆಕ್ಕ ತೆಗೆಯಲು ಹೊರಗಿನವರು ಬಂದರೂ ಇಲ್ಲಿಯ ಬದುಕಿನ ಗತಿ ಅವರಿಗೆ ಗೊತ್ತಿರಬೇಕಲ್ಲ. ಸುಗ್ಗಿ ಮುಗಿದ ಮೇಲೆ ದೇವದುರ್ಗದ ಎಷ್ಟೋ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ಆಗ ಮನೆಮನೆ ಸಮೀಕ್ಷೆಗೆ ಬಂದರೆ ಬಾಗಿಲಿಗೆ ಬೀಗ. ಯಾರ ಮನಸ್ಸಿನ ಮೇಲೆ ಹೆಚ್ಚು ಭಾರವಿದೆಯೋ ಅವರೇ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ. ಮಾನ್ವಿ ಕಡೆ ಭತ್ತದ ನಾಟಿಯ ಹೊತ್ತಿನಲ್ಲಿ ಹುಡುಗಿಯರು ಮನೆಯಲ್ಲಿ ಸಿಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಬರುತ್ತದೋ ಇಲ್ಲವೋ ಎಂಬ ಚಿಂತೆ ಹೊಲದಲ್ಲೇ ನಿಲ್ಲುವುದಿಲ್ಲ, ಪಿಯುಸಿ ಓದುವ ಮಗನ ತಲೆಗೂ ಹತ್ತುತ್ತದೆ. ರಾಯಚೂರು ನಗರದಲ್ಲಿ ಮನೆಮಾತು ಕನ್ನಡವೂ ಇರಬಹುದು, ಉರ್ದುವೋ ತೆಲುಗೋ ಇರಬಹುದು. ಪಡಸಾಲೆಯಲ್ಲಿ ಅತ್ತೆ, ಮಾವ, ಅಣ್ಣ ಎಲ್ಲ ಕೂತಿರುವಾಗ ಹದಿನೆಂಟರ ಹುಡುಗಿಗೆ ‘ನಿನಗೆ ಬದುಕು ಬೇಸರ ಅನಿಸಿದೆಯಾ’ ಎಂದು ಕೇಳಿದರೆ ಅವಳು ‘ಇಲ್ರೀ’ ಎನ್ನುತ್ತಾಳೆ. ಆ ಸುಳ್ಳು ಉತ್ತರವೇ ವರದಿಯಾಗುತ್ತದೆ. ಇದನ್ನೆಲ್ಲ ಮೊದಲೇ ಹೇಳಬಲ್ಲವರು ಅದೇ ವಯಸ್ಸಿನ, ಅದೇ ಊರಿನ ಹುಡುಗರು.

ಕೆಲಸ ನಡೆಯುವ ಕ್ರಮ ಹೀಗಿರುತ್ತದೆ. ಮೊದಲು ಗುಂಪು ಆರಿಸುತ್ತಾರೆ. ಇಲ್ಲಿ ಬರೀ ಕಾಲೇಜಿನ ಜಾಣರನ್ನು ತೆಗೆದುಕೊಂಡರೆ ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಓದು ಬಿಟ್ಟವರು, ಗುಳೆ ಹೋಗಿ ಬಂದವರು, ಮದುವೆಯಾದ ಹುಡುಗಿಯರು, ಸ್ವತಃ ಚಿಕಿತ್ಸೆ ಪಡೆದವರು ಇರಬೇಕು. ಆಮೇಲೆ ಸಂಶೋಧನೆ ಎಂದರೇನು, ಗುಟ್ಟು ಕಾಯುವುದು ಹೇಗೆ ಎಂದು ಕೆಲವು ದಿನ ತರಬೇತಿ. ನಂತರ ಪ್ರಶ್ನಾವಳಿಯನ್ನು ಗುಂಪಿನ ಮುಂದಿಡುತ್ತಾರೆ. ಪಿಎಚ್‌ಕ್ಯೂ-9ರಂಥ ಪ್ರಮಾಣಿತ ಪಟ್ಟಿಯನ್ನು ಮನಸ್ಸಿಗೆ ಬಂದಂತೆ ತಿದ್ದಲು ಬರುವುದಿಲ್ಲ. ಆದರೆ ಅದರ ಸುತ್ತ ಯಾವ ಪ್ರಶ್ನೆ ಸೇರಬೇಕು, ಹುಡುಗಿಯರನ್ನು ಯಾರು ಮಾತಾಡಿಸಬೇಕು, ಎಷ್ಟು ಹೊತ್ತಿಗೆ, ಎಲ್ಲಿ, ಇವೆಲ್ಲ ಗುಂಪಿನ ಮಾತಿನಿಂದ ಬದಲಾಗುತ್ತವೆ. ಕೊನೆಗೆ ಡೇಟಾ, ಅಂದರೆ ಕಲೆಹಾಕಿದ ಮಾಹಿತಿ, ಕೈಗೆ ಬಂದಾಗ ಅದಕ್ಕೆ ಏನರ್ಥ ಎಂದು ನೋಡಲು ಮತ್ತೆ ಕೂಡುತ್ತಾರೆ.

ಇದು ಬರೀ ಆಸೆಯ ಮಾತಲ್ಲ. ಗೋವಾದ ಸಂಗಾತ್ ಸಂಸ್ಥೆ ಶಾಲಾಮಕ್ಕಳಿಗಾಗಿ ‘ಪಾಡ್ ಅಡ್ವೆಂಚರ್ಸ್’ ಎಂಬ ಮೊಬೈಲ್ ಆಟ ಮಾಡಿತು. ಕಷ್ಟ ಎದುರಾದಾಗ ಹಂತಹಂತವಾಗಿ ಯೋಚಿಸುವುದನ್ನು ಕಲಿಸುವ ಆ ಆಟವನ್ನು ಹದಿಹರೆಯದವರ ಜೊತೆ ಕೂತೇ ರೂಪಿಸಿದರು. ಭಾರತ, ದಕ್ಷಿಣ ಆಫ್ರಿಕ ಮತ್ತು ಬ್ರಿಟನ್‌ನಲ್ಲಿ ನಡೆದ ‘ಮೈಂಡ್‌ಕೈಂಡ್’ ಅಧ್ಯಯನದಲ್ಲಿ, ಫೋನಿನ ಮೂಲಕ ಸೇರುವ ಮಾಹಿತಿಯ ಮೇಲೆ ಯಾರ ಹಿಡಿತ ಇರಬೇಕು ಎಂಬ ಚರ್ಚೆಯಲ್ಲಿ ಯುವಜನರ ತಂಡಗಳೂ ಇದ್ದವು. ಭಾರತದ ಭಾಗವನ್ನು ಪುಣೆಯ ಒಂದು ಕೇಂದ್ರ ನೋಡಿಕೊಂಡಿತ್ತು.

‘ನನಗೆ ಸಂಶೋಧನೆ ಗೊತ್ತಿಲ್ಲವಲ್ಲ’ ಎನ್ನುತ್ತೀರಾ? ಅದು ಸಂಶೋಧಕರಿಗೆ ಗೊತ್ತು. ನಿಮ್ಮಿಂದ ಬೇಕಾದದ್ದು ನಿಮ್ಮ ಊರಿನ ತಿಳಿವಳಿಕೆ. ‘ನನ್ನ ಕಥೆ ಊರಿಗೆಲ್ಲ ಗೊತ್ತಾದರೆ?’ ಪಾಲುದಾರರು ತಮ್ಮ ಸ್ವಂತ ಕಥೆ ಹೇಳಲೇಬೇಕೆಂದಿಲ್ಲ. ಹೇಳಿದರೂ ಹೆಸರು ಬರೆಯುವಂತಿಲ್ಲ. ‘ಮನೆಯವರು ಒಪ್ಪಬೇಕಾ?’ ಉತ್ತರ ಹೇಳುವ ಭಾಗಿಗೆ 18 ತುಂಬಿರದಿದ್ದರೆ ತಂದೆ ತಾಯಿಯ ಒಪ್ಪಿಗೆ ಬೇಕು. ಅದರ ಜೊತೆಗೆ ಅಸೆಂಟ್, ಅಂದರೆ ಮಗುವಿನ ಸ್ವಂತ ಸಮ್ಮತಿಯೂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಪಾಲುದಾರರಾಗಲು ಬರುವ ಚಿಕ್ಕ ವಯಸ್ಸಿನವರ ವಿಷಯದಲ್ಲೂ ಹಾಗೇ ನಡೆದುಕೊಳ್ಳುವುದು ಒಳ್ಳೆಯದು. ನಡುವೆ ಬೇಡ ಅನಿಸಿದರೆ ಕಾರಣ ಹೇಳದೆ ಬಿಟ್ಟು ಬರಬಹುದು. ಅದರಿಂದ ನಿಮ್ಮ ಚಿಕಿತ್ಸೆಗೆ, ಓದಿಗೆ ಧಕ್ಕೆ ಆಗಬಾರದು.

ಖರ್ಚಿನ ಮಾತು. ನೀವು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಬಸ್ ಚಾರ್ಜು, ಊಟ, ಕೂಲಿ ತಪ್ಪಿದ ದಿನದ ಪರಿಹಾರ ಸಂಶೋಧಕರೇ ಕೊಡಬೇಕು. ಪಾಲುದಾರರಾದರೆ ಇದರ ಮೇಲೆ ಗೌರವಧನ ಕೇಳುವುದು ನ್ಯಾಯ, ಸಂಕೋಚಪಡಬೇಡಿ. ದೇವದುರ್ಗದಿಂದ ರಾಯಚೂರಿಗೆ ಹೋಗಿ ಬಂದರೆ ಒಂದು ದಿನದ ದುಡಿಮೆ ಹೋಯಿತೆಂದೇ ಅರ್ಥ.

ಬರೀ ತೋರಿಕೆಗೆ ಕರೆಯುವವರೂ ಇರುತ್ತಾರೆ. ಮಕ್ಕಳ ಭಾಗವಹಿಸುವಿಕೆಗೆ ರೋಜರ್ ಹಾರ್ಟ್ ಎಂಬ ವಿದ್ವಾಂಸರು 1992ರಲ್ಲಿ ಎಂಟು ಮೆಟ್ಟಿಲ ಏಣಿಯೊಂದನ್ನು ಬರೆದರು. ಕೆಳಗಿನ ಮೂರು ಮೆಟ್ಟಿಲನ್ನು ಅವರು ಭಾಗವಹಿಸುವಿಕೆ ಎಂದು ಒಪ್ಪಲೇ ಇಲ್ಲ. ಟಿ-ಶರ್ಟ್ ತೊಡಿಸಿ ವೇದಿಕೆ ಮೇಲೆ ನಿಲ್ಲಿಸುವುದು ಅಂಥ ಒಂದು ಮೆಟ್ಟಿಲು. ಆದ್ದರಿಂದ ಸಹಿ ಹಾಕುವ ಮೊದಲೇ ಕೇಳಿ: ಎಥಿಕ್ಸ್ ಕಮಿಟಿ, ಅಂದರೆ ಸಂಶೋಧನೆಯ ನೀತಿ ಪರಿಶೀಲಿಸುವ ಸಮಿತಿ, ಒಪ್ಪಿಗೆ ಕೊಟ್ಟಿದೆಯೇ? ಪತ್ರ ತೋರಿಸುತ್ತೀರಾ? ನಾವು ಹೇಳಿದ್ದರಿಂದ ಏನು ಬದಲಾಗಬಹುದು? ಫಲಿತಾಂಶವನ್ನು ಕನ್ನಡದಲ್ಲಿ ನಮ್ಮೂರಿಗೆ ತಂದು ಹೇಳುತ್ತೀರಾ?

ಎಲ್ಲಿಂದ ಶುರುಮಾಡಬೇಕು? ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ‘ಯುವ ಸ್ಪಂದನ’ ರೂಪಿಸಿದೆ. ಇದರಲ್ಲಿ ತರಬೇತಿ ಪಡೆದ ಯುವಜನರನ್ನೇ ‘ಯುವ ಪರಿವರ್ತಕರು’ ಎನ್ನುತ್ತಾರೆ. ಇದು ಮಾರ್ಗದರ್ಶನದ ಕೆಲಸವೇ ಹೊರತು ಪೂರಾ ಸಂಶೋಧನೆಯಲ್ಲ, ಆದರೂ ನಮ್ಮ ರಾಜ್ಯದಲ್ಲಿ ಪಾಲುದಾರಿಕೆಗೆ ತೀರ ಹತ್ತಿರವಾದ ದಾರಿ. ರಾಯಚೂರಿನಲ್ಲಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ರಾಯಚೂರಿನ ವೈದ್ಯಕೀಯ ಕಾಲೇಜು ರಿಮ್ಸ್‌ನ ಮನೋವೈದ್ಯ ವಿಭಾಗ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ, ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿ, ಇವರಿಗೂ ಹೆಸರು ಕೊಟ್ಟಿಡಬಹುದು. 10ರಿಂದ 19ರ ವಯಸ್ಸಿನವರಿಗೆ ಸಲಹೆ ಬೇಕಾದರೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಇದೆ.

ಇನ್ನೊಂದು ಮಾತು, ತಂದೆ ತಾಯಿಯರೂ ಗಮನಿಸಿ. ಬೇರೆಯವರ ನೋವು ಕೇಳುತ್ತಾ ಕೂತ ಪಾಲುದಾರರ ಮನಸ್ಸೂ ಕಲಕಬಹುದು. ಪ್ರತಿ ಸಭೆಯ ನಂತರ ಅವರ ಜೊತೆ ಮಾತಾಡಲು ಒಬ್ಬ ಆಪ್ತಸಮಾಲೋಚಕರು ಇರಬೇಕೆಂದು ಮೊದಲೇ ಷರತ್ತು ಹಾಕಿ. ತಡರಾತ್ರಿ ಬೇಕಾದರೆ ಟೆಲಿ-ಮನಸ್ ಸಹಾಯವಾಣಿ 14416 ಇದೆ. 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರನ್ನು ಕಾಣಬೇಕೆಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ ಕ್ಲಿನಿಕ್ ಯಾವ ಮಂಗಳವಾರ ಇದೆ ಎಂದು ಕೇಳಿಕೊಂಡು ಹೋಗಿ.