ಮೂವತ್ನಾಲ್ಕು ಜನರ ಮೊಟ್ಟೆ ಪಲ್ಯ

ಬಾಬಾಬುಡನ್‌ಗಿರಿಯ ಮಗ್ಗುಲಿನ ಕಾಫಿ ತೋಟ. ಡಿಸೆಂಬರಿನ ಬೆಳಗು, ಗಂಟೆ 5.15. ಹಕ್ಕಿ ನೋಡುವ ಶಿಬಿರಕ್ಕೆ ಬಂದ 40 ಜನ ಇನ್ನೂ ಕಂಬಳಿಯೊಳಗಿದ್ದಾರೆ. ಸಿಲ್ವರ್ ಓಕಿನ ಎಲೆಯಿಂದ ಇಬ್ಬನಿ ಅಡುಗೆ ಚಪ್ಪರದ ತಗಡಿನ ಮೇಲೆ ತೊಟ್ಟಿಕ್ಕುತ್ತಿದೆ. ನನ್ನ ಮುಂದೆ ಎರಡೂವರೆ ಟ್ರೇ ಮೊಟ್ಟೆ, ಟ್ರೇಗೆ 30ರಂತೆ ಒಟ್ಟು 75. ಮೊಟ್ಟೆ ತಿನ್ನುವವರು 34 ಜನ, ತಲೆಗೆ ಎರಡು. ಮಿಕ್ಕ ಏಳು ಕೈತಪ್ಪಿ ಒಡೆದರೆ ಇರಲಿ ಎಂದು. ತಿನ್ನದ ಆರು ಮಂದಿಗೆ ಬೇರೆ ಒಲೆ, ಬೇರೆ ಪಾತ್ರೆ, ಉಪ್ಪಿಟ್ಟು.

5.40. ಹಳ್ಳದ ಕಡೆಯಿಂದ ಬೂದು ಕಾಡುಕೋಳಿ ಕೂಗಿತು. ಊರ ಹುಂಜದ ಹಾಗೆ ಎಳೆದು ಕೂಗುವುದಿಲ್ಲ ಇದು. ತುಂಡು ತುಂಡಾದ ಒಡಕು ದನಿ, ಕೊನೆಗೆ ಎರಡು ಸಣ್ಣ ಕುಕ್ಕುಗಳು, ಆಮೇಲೆ ಮೌನ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಸಾಕುಕೋಳಿಯ ಹಳದಿ ಚರ್ಮ, ಹಳದಿ ಕಾಲು ಬಂದದ್ದು ಈ ಬೂದು ಹಕ್ಕಿಯ ಕಡೆಯಿಂದ ಎಂದು 2008ರಲ್ಲಿ ತಳಿವಿಜ್ಞಾನಿಗಳು ತೋರಿಸಿಕೊಟ್ಟರು. ಫಾರಂನಲ್ಲಿ ವರ್ಷಕ್ಕೆ 300ರ ಹತ್ತಿರ ಮೊಟ್ಟೆಯಿಡುವ ಹಳದಿ ಕಾಲಿನ ಬಿಳಿ ಹೇಂಟೆಗೂ, ಹಳ್ಳದ ಪೊದೆಯಲ್ಲಿ ನಾಲ್ಕಾರು ಮೊಟ್ಟೆಯಿಟ್ಟು ಕಾವಿಗೆ ಕೂರುವ ಈ ಕಾಡಿನವಳಿಗೂ ನಂಟಿದೆ. ಟ್ರೇ ಮುಟ್ಟುವಾಗಲೆಲ್ಲ ಅದು ನೆನಪಾಗುತ್ತದೆ.

ಇಷ್ಟು ಜನಕ್ಕೆ ಬೇಯಿಸಿದ ಮೊಟ್ಟೆಯೇ ಸುಲಭ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸಿಲ್ಲ. ಬೇಯಿಸುವುದು ಸುಲಭ, ಸುಲಿಯುವುದು ಕಷ್ಟ. ಅದರಲ್ಲೂ ನಿನ್ನೆ ಮೊನ್ನೆ ಇಟ್ಟ ನಾಟಿ ಮೊಟ್ಟೆಯಾದರೆ ಚಿಪ್ಪಿನ ಜೊತೆ ಅರ್ಧ ಬಿಳಿಯೂ ಕಿತ್ತುಬರುತ್ತದೆ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ದಿನ ಕಳೆದಂತೆ ಅವುಗಳ ಮೂಲಕ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿಯ ಕ್ಷಾರಗುಣ ಏರುತ್ತದೆ, ಒಳಪೊರೆಯ ಹಿಡಿತ ಸಡಿಲವಾಗುತ್ತದೆ. ಹಾಗಾಗಿ ಸುಲಿಯಲು ವಾರ ಕಳೆದ ಮೊಟ್ಟೆಯೇ ವಾಸಿ.

ಒಂದು ಮೊಟ್ಟೆಯನ್ನು ಮಾತ್ರ ನೋಡುವುದಕ್ಕೆಂದೇ ಬಿಸಿನೀರಿಗೆ ಬಿಟ್ಟೆ. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ, ದಪ್ಪನೆಯ ತುದಿಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ದಾರ ಪೋಣಿಸಿದಂತೆ ಒಂದರ ಹಿಂದೊಂದು ಮೇಲೇಳುತ್ತಿದ್ದವು. ಆ ತುದಿಯಲ್ಲೊಂದು ಗಾಳಿಗೂಡಿದೆ. ಕೋಳಿಯ ಮೈಯಿಂದ ಹೊರಬಿದ್ದ ಬಿಸಿ ಮೊಟ್ಟೆ ತಣ್ಣಗಾಗುವಾಗ ಒಳಗಿನದು ಕುಗ್ಗಿ, ಎರಡು ಪೊರೆಗಳ ನಡುವೆ ಆ ಜಾಗ ಹುಟ್ಟುತ್ತದೆ. ಮೊಟ್ಟೆ ಹಳೆಯದಾದಷ್ಟೂ ಗೂಡು ಹಿಗ್ಗುತ್ತದೆ. ಬಹಳ ಹಳೆಯದು ತಣ್ಣೀರಿನಲ್ಲಿ ತೇಲುವುದು ಇದರಿಂದಲೇ.

7.30. ಬೇಯಿಸಿ ಸುಲಿಯುವ ಬದಲು ಪಲ್ಯ, ಹಾಗಾಗಿ ಒಡೆಯುವ ಕೆಲಸ. ಪ್ರತಿಯೊಂದನ್ನೂ ಸಣ್ಣ ಬಟ್ಟಲಿಗೆ ಒಡೆದು, ನೋಡಿ, ಮೂಸಿ, ಆಮೇಲೆ ದಬರಿಗೆ. ಕೊಳೆತದ್ದೊಂದು ನೇರವಾಗಿ ಬಿದ್ದರೆ ಇಡೀ ದಬರಿ ಚೆಲ್ಲಬೇಕು. ಇವತ್ತು ಒಂದೂ ಕೆಟ್ಟಿರಲಿಲ್ಲ.

8.10. ಈ ಅಡುಗೆಗೆ ಇಲ್ಲಿಯವರು ಮೊಟ್ಟೆ ಪಲ್ಯ ಅನ್ನುತ್ತಾರೆ, ಪೇಟೆಯಲ್ಲಿ ಎಗ್ ಬುರ್ಜಿ. ಎರಡು ಕೆಜಿ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಚಿಟಿಕೆಗಿಂತ ತುಸು ಹೆಚ್ಚು ಅರಿಶಿನ. ಈರುಳ್ಳಿ ಚೆನ್ನಾಗಿ ಬಾಡಿ, ನೀರೆಲ್ಲ ಇಂಗಿದ ಮೇಲೆಯೇ ಮೊಟ್ಟೆ. ಅದೂ ಎರಡು ಸಲಕ್ಕೆ, 34ರಂತೆ. ಒಟ್ಟಿಗೆ ಸುರಿದರೆ ತಳ ಹೊತ್ತುತ್ತದೆ, ಮೇಲೆ ಹಸಿಯಾಗಿಯೇ ಉಳಿಯುತ್ತದೆ.

ಸುರಿದ ಮೇಲೆ ಒಂದು ನಿಮಿಷ ಏನೂ ಆಗುವುದಿಲ್ಲ. ಹಳದಿ ಕೊಳದ ಹಾಗೆ ನಿಂತಿರುತ್ತದೆ. ಆಮೇಲೆ ಬಾಣಲೆಯ ಅಂಚಿನಲ್ಲಿ ತೆಳ್ಳಗೆ ಕೆನೆಯಂಥ ಗೆರೆ ಮೂಡುತ್ತದೆ. ಬಿಳಿಭಾಗ 62–63 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕಟ್ಟತೊಡಗುತ್ತದೆ, ಹಳದಿ 65–70ರ ನಡುವೆ. ಆ ಗೆರೆ ಕಂಡಾಗ ಮೊಗಚುವ ಕೈಯಿಂದ ತಳವನ್ನು ಮೆಲ್ಲಗೆ ಕೆರೆದು ನಡುವಿಗೆ ಎಳೆಯಬೇಕು, ಬಿಡಬೇಕು, ಮತ್ತೆ ಎಳೆಯಬೇಕು. ಗಬಗಬನೆ ಕಲಕಿದರೆ ಪುಡಿಯಾಗುತ್ತದೆ.

ನನ್ನ ಮೊದಲ ಶಿಬಿರದಲ್ಲಿ ಪೂರ್ತಿ ಬೆಂದಂತೆ ಕಾಣುವವರೆಗೂ ಉರಿಯ ಮೇಲೆಯೇ ಬಿಟ್ಟಿದ್ದೆ. ಬಡಿಸುವ ಹೊತ್ತಿಗೆ ಪಲ್ಯ ರಬ್ಬರಿನಂತಾಗಿ ಸುತ್ತಲೂ ನೀರು ಒಸರಿತ್ತು, ಬಣ್ಣ ಹಸಿರುಗಪ್ಪಿಗೆ ತಿರುಗಿತ್ತು. ಕಾವು ಮಿತಿಮೀರಿದರೆ ಪ್ರೋಟೀನಿನ ಬಲೆ ಬಿಗಿದುಕೊಂಡು ತನ್ನೊಳಗಿನ ನೀರನ್ನೇ ಹಿಂಡಿಬಿಡುತ್ತದೆ. ಬಿಳಿಯ ಗಂಧಕ ಹಳದಿಯ ಕಬ್ಬಿಣದ ಜೊತೆ ಸೇರಿ ಆ ಹಸಿರು ಹುಟ್ಟುತ್ತದೆ. ಆವತ್ತು ಅಡುಗೆಗೆ ಬರುತ್ತಿದ್ದ ಅಕ್ಕ ನೋಡಿ ಹೇಳಿದ್ದು ಇಷ್ಟೇ: "ಕೊಳ್ಳಿ ಹಿಂದಕ್ಕೆ ಎಳೀರಿ ಅಣ್ಣಾ. ಅಷ್ಟು ಮೊಟ್ಟೆ ಇದ್ರೆ ಅದರ ಬಿಸೀಲೇ ಅದು ಬೇಯ್ತದೆ."

ಜನ ಹೆಚ್ಚಿದಾಗ ನಿಜವಾಗಿ ಬದಲಾಗುವುದು ಇದೊಂದೇ. ಎರಡು ಮೊಟ್ಟೆಯ ಬಿಸಿ ತಟ್ಟೆಗೆ ಬರುವಷ್ಟರಲ್ಲಿ ಆರುತ್ತದೆ. 34 ಮೊಟ್ಟೆಯ ರಾಶಿ ಒಲೆಯಿಂದ ಇಳಿದ ಮೇಲೂ ಬೇಯುತ್ತಲೇ ಇರುತ್ತದೆ. ಮುದ್ದೆಗಳು ಇನ್ನೂ ಮಿರುಗುತ್ತಿರುವಾಗಲೇ ಕೊಳ್ಳಿ ಎಳೆದೆ. ಒಂದೆರಡು ಬಾರಿ ಮೊಗಚಿ, ಮುಚ್ಚಳವಿಟ್ಟು ಕಾದೆ. ತೆರೆದಾಗ ಎಲ್ಲೂ ಲೋಳೆ ಉಳಿದಿರಲಿಲ್ಲ. ಮಕ್ಕಳೂ ತಿನ್ನುವ ಪಂಕ್ತಿ, ಪಲ್ಯವನ್ನು ಸೌಟಿನಲ್ಲಿ ಬಿಡಿಸಿ ನೋಡದೆ ನಾನು ಬಡಿಸುವುದಿಲ್ಲ. ಕೊತ್ತಂಬರಿ, ನಾಲ್ಕು ನಿಂಬೆಯ ರಸ, ಬ್ರೆಡ್ಡು.

ಖಾರ ತಿನ್ನದ ಮಕ್ಕಳಿಗೆ ಇಡ್ಲಿ ತಟ್ಟೆ ಇತ್ತು. ಗುಳಿಗಳಿಗೆ ಎಣ್ಣೆ ಸವರಿ, ಗುಳಿಗೊಂದು ಮೊಟ್ಟೆ ಒಡೆದು, ಉಪ್ಪು ಮೆಣಸಿನಪುಡಿ ಉದುರಿಸಿ ಹಬೆಗಿಟ್ಟರೆ ಸುಲಿಯುವ ಕೆಲಸವೇ ಇಲ್ಲ.

8.45ಕ್ಕೆ ಹಕ್ಕಿ ನೋಡಲು ಹೋದವರು ತೊಯ್ದ ಬೂಟಿನಲ್ಲಿ ಹಿಂದಿರುಗಿದರು. ಒಂಬತ್ತೂಕಾಲಿಗೆ ಬಾಣಲೆ ಖಾಲಿ. ನಿಮ್ಮ ಮನೆಗೂ ಇಷ್ಟು ಜನ ಬಂದರೆ ತಟ್ಟೆ ಜೋಡಿಸಿ, ನೀರಿಟ್ಟು, ಜನ ಕೂತ ಮೇಲೆಯೇ ಮೊಟ್ಟೆ ಬಾಣಲೆಗೆ ಸುರಿಯಿರಿ.