ಪಾಳಿಪಟ್ಟಿಯೂ ನ್ಯಾಯಧರ್ಮವೂ

ವೃದ್ಧಾಶ್ರಮದ ಗೋಡೆಯ ಮೇಲೆ ತೂಗುವ ಪಾಳಿಪಟ್ಟಿಯು ನೋಡುವವರಿಗೆ ಬರಿಯ ಗೆರೆಗಳೂ ಹೆಸರುಗಳೂ ತುಂಬಿದ ಕಾಗದ. ಆದರೆ ಈ ಭಾನುವಾರ ಬಲಿಪೂಜೆಗೆ ಯಾರು ಹೋಗಬಲ್ಲರು, ಯಾರ ಮಕ್ಕಳು ರಾತ್ರಿ ತಾಯಿಯಿಲ್ಲದೆ ಮಲಗುವರು, ಹಾಸಿಗೆ ಹಿಡಿದ ವೃದ್ಧರನ್ನು ನಡುರಾತ್ರಿಯಲ್ಲಿ ಮಗ್ಗುಲು ಬದಲಿಸುವ ಕೈ ಯಾರದು ಎಂಬುದನ್ನು ನಿರ್ಣಯಿಸುವುದು ಅದೇ ಕಾಗದ. ಈಗ ಅದು ಅನೇಕ ಕಡೆ ಗೋಡೆಯಿಂದಿಳಿದು ಕಂಪ್ಯೂಟರನ್ನೂ ಮೊಬೈಲನ್ನೂ ಸೇರುತ್ತಿದೆ. ಈ ಬದಲಾವಣೆಯನ್ನು ನಾವು ಹೇಗೆ ಬರಮಾಡಿಕೊಳ್ಳಬೇಕು?

ಸೇವೆಯನ್ನು ಸರದಿಯಂತೆ ಹಂಚಿಕೊಳ್ಳುವುದು ಧರ್ಮಸಭೆಗೆ ಹೊಸದಲ್ಲ. 6ನೇ ಶತಮಾನದ ಸಂತ ಬೆನೆಡಿಕ್ಟರ ಮಠನಿಯಮದ 35ನೇ ಅಧ್ಯಾಯವು ಅಡುಗೆಮನೆಯ ಕೆಲಸವನ್ನು ವಾರದ ಸರದಿಗೆ ಒಪ್ಪಿಸುತ್ತದೆ. ವಾರ ಮುಗಿಸಿದವನೂ ಆರಂಭಿಸುವವನೂ ಸೇರಿ ಎಲ್ಲರ ಪಾದಗಳನ್ನು ತೊಳೆಯಬೇಕು. ಆದರೆ ಅಶಕ್ತರಿಗೆ ಸಹಾಯಕರನ್ನು ಕೊಡಬೇಕೆಂದೂ ಅದೇ ನಿಯಮ ಹೇಳುತ್ತದೆ. ಸರದಿಯ ಜೊತೆಯಲ್ಲೇ ಕರುಣೆಗೂ ಅಲ್ಲಿ ಸ್ಥಾನವಿದೆ.

ಕಂಪ್ಯೂಟರಿನ ಉಪಕಾರವನ್ನು ನಾವು ಅಲ್ಲಗಳೆಯಲಾರೆವು. ಕಾಗದದಲ್ಲಿ ಹೊಡೆದುಹಾಕಿ ತಿದ್ದಿದ ಹೆಸರುಗಳಿಂದ ಗೊಂದಲವಾಗುತ್ತದೆ; ಕಚೇರಿಯ ಪ್ರತಿ ಒಂದು, ಗೋಡೆಯ ಪ್ರತಿ ಇನ್ನೊಂದು ಆಗುತ್ತದೆ. ಯುರೋಪಿಯನ್ ಒಕ್ಕೂಟದ 2003ರ ನಿರ್ದೇಶನವು ಕೆಲಸಗಾರರಿಗೆ ದಿನಕ್ಕೆ ಸತತ 11 ಗಂಟೆಗಳ ವಿಶ್ರಾಂತಿಯನ್ನು ವಿಧಿಸಿದೆ. ಇಂತಹ ನಿಯಮವನ್ನು ಯಂತ್ರಕ್ಕೆ ಒಮ್ಮೆ ತಿಳಿಸಿದರೆ, ರಾತ್ರಿಪಾಳಿ ಮುಗಿಸಿದವಳನ್ನು ಅಂದೇ ಹಗಲುಪಾಳಿಗೆ ಹಾಕಹೊರಟಾಗ ಅದು ಎಚ್ಚರಿಸಬಲ್ಲದು. ವರ್ಷದಲ್ಲಿ ಯಾರಿಗೆ ಎಷ್ಟು ರಾತ್ರಿ, ಎಷ್ಟು ಭಾನುವಾರ ಬಂದವೆಂಬ ಲೆಕ್ಕ ಮುಂದಿರುವಾಗ ದಾಕ್ಷಿಣ್ಯಕ್ಕೂ ಪಕ್ಷಪಾತಕ್ಕೂ ಎಡೆ ಕಡಿಮೆ.

ಆದರೂ ಸಮನಾಗಿ ಹಂಚಿದ ಮಾತ್ರಕ್ಕೆ ನ್ಯಾಯ ಪೂರ್ಣವಾಗದು. ಕಾನೂನು ಸಾಮಾನ್ಯವಾಗಿ ಮಾತಾಡುತ್ತದೆ. ವಿಶೇಷ ಸಂದರ್ಭದಲ್ಲಿ ಅದರ ಕೊರತೆಯನ್ನು ವಿವೇಕವು ತುಂಬಬೇಕೆಂದು ಅರಿಸ್ಟಾಟಲನು ಬೋಧಿಸಿದನು. ಸಂತ ಥಾಮಸ್ ಅಕ್ವಿನಾಸರು ಇದನ್ನು ಸದ್ಗುಣವೆಂದೇ ಎಣಿಸಿದರು. ಎಳೆಗೂಸಿನ ತಾಯಿಗೂ ಒಂಟಿಯಾಗಿರುವವಳಿಗೂ ರಾತ್ರಿಗಳನ್ನು ಸಮನಾಗಿ ಹಂಚಿದರೆ ಲೆಕ್ಕ ಸರಿ, ನ್ಯಾಯ ಅರ್ಧ. ನೆನಪು ಮಾಸಿದ ಅಜ್ಜಿಗೆ ಪರಿಚಿತ ಮುಖವೇ ಧೈರ್ಯ. ಯಂತ್ರಕ್ಕಾದರೋ ಪಾಳಿ ಭರ್ತಿಯಾದರೆ ಸಾಕು.

ಆದುದರಿಂದ ಈ ಹಾದಿ ಹಿಡಿದವರಲ್ಲಿ ನಮ್ಮ ಸೂಚನೆಗಳು ಕೆಲವಿವೆ. ಇದುವರೆಗೆ ಪಟ್ಟಿ ಬರೆಯುತ್ತಿದ್ದವರು ಮನಸ್ಸಿನಲ್ಲಿಟ್ಟುಕೊಂಡ ವಿಷಯಗಳನ್ನು, ಕೊನೆಯ ಬಸ್ಸಿನ ಹೊತ್ತನ್ನು ಕೂಡ, ಮೊದಲು ಕೇಳಿ ಬರೆದುಕೊಳ್ಳಿರಿ. ಕೆಲವು ವಾರ ಎರಡೂ ಪಟ್ಟಿಗಳು ಜೊತೆಯಾಗಿ ನಡೆಯಲಿ. ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿಯೂ ವಿದ್ಯುತ್ ಹೋದ ಹೊತ್ತಿಗಾಗಿಯೂ ಮುದ್ರಿತ ಪ್ರತಿಯೊಂದು ಗೋಡೆಯ ಮೇಲಿರಲಿ. ರಜೆಯ ಕಾರಣವಾದ ಕಾಯಿಲೆಯು ಎಲ್ಲರ ಕಣ್ಣಿಗೆ ಬೀಳದಿರಲಿ. ಪಾಳಿ ಬದಲಾಗುವಾಗ ರೋಗಿಯ ಸ್ಥಿತಿಯನ್ನು ಮುಖಾಮುಖಿಯಾಗಿ ತಿಳಿಸಲು ಸಮಯವಿರಲಿ. ಆ ಸಮಯಕ್ಕೂ ಸಂಬಳವಿರಲಿ.

ಜಗದ್ಗುರು 13ನೇ ಲಿಯೋರವರು 1891ರ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಕಾರ್ಮಿಕರ ಭಾನುವಾರದ ವಿಶ್ರಾಂತಿಯನ್ನು ಎತ್ತಿಹಿಡಿದರು. 2025ರ ಮೇ ತಿಂಗಳಲ್ಲಿ 14ನೇ ಲಿಯೋರವರು ತಮ್ಮ ಹೆಸರಿನ ಕಾರಣವನ್ನು ತಿಳಿಸುತ್ತ ಆ ಪತ್ರವನ್ನೇ ಸ್ಮರಿಸಿದರು. ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಿ ಮಾನವ ಘನತೆ, ನ್ಯಾಯ ಮತ್ತು ದುಡಿಮೆಯನ್ನು ಕಾಯಬೇಕೆಂದರು. “ಈ ರಾತ್ರಿ ನನಗೇ ಏಕೆ?” ಎಂದು ಶುಶ್ರೂಷಕಿಯೊಬ್ಬಳು ಕೇಳಿದಾಗ “ಕಂಪ್ಯೂಟರ್ ಹಾಗೆ ಹಾಕಿದೆ” ಎಂಬುದು ಉತ್ತರವಲ್ಲ. ಆಕೆಯ ಎದುರು ಕುಳಿತು ಕಾರಣ ಹೇಳುವ, ಬೇಕಾದಲ್ಲಿ ಪಟ್ಟಿಯನ್ನು ತಿದ್ದುವ ಒಬ್ಬ ಮನುಷ್ಯರು ಪ್ರತಿಯೊಂದು ಆಶ್ರಮದಲ್ಲಿಯೂ ಇರಬೇಕು.